ಕೊಚ್ಚಿಯ ವಾಟರ್ ಮೆಟ್ರೋ: ನೀರು ಕಟ್ಟಿದ ಊರನ್ನು ನೀರಿನ ಮೇಲಿಂದಲೇ ನೋಡುವ ಬಗೆ

ಕೊಚ್ಚಿಗೆ ಮೊದಲ ಸಲ ಹೋಗುವವರ ಪ್ರವಾಸ ಹೆಚ್ಚಾಗಿ ಹೆಸರುಗಳ ಗೊಂದಲದಿಂದಲೇ ಶುರುವಾಗುತ್ತದೆ. ರೈಲಿನ ಟಿಕೆಟ್ಟಿನಲ್ಲಿ ಎರ್ನಾಕುಳಂ ಎಂದಿರುತ್ತದೆ, ನೋಡಬೇಕೆಂದು ಪಟ್ಟಿ ಮಾಡಿಕೊಂಡ ಜಾಗಗಳು ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿಯಲ್ಲಿರುತ್ತವೆ, ಹೋಟೆಲು ಇನ್ನೆಲ್ಲೋ ಒಂದು ದ್ವೀಪದ ಹೆಸರು ಹೇಳುತ್ತದೆ. ಎರ್ನಾಕುಳಂ, ಮಟ್ಟಾಂಚೇರಿ, ಫೋರ್ಟ್ ಕೊಚ್ಚಿ ಎಂಬ ಮೂರು ಪುರಸಭೆಗಳನ್ನೂ ವಿಲ್ಲಿಂಗ್ಡನ್ ದ್ವೀಪವನ್ನೂ ಸುತ್ತಲಿನ ಕೆಲವು ಊರುಗಳನ್ನೂ ಒಟ್ಟು ಸೇರಿಸಿ ಕೊಚ್ಚಿ ನಗರಪಾಲಿಕೆ ಎಂದು ಮಾಡಿದ್ದೇ 1967ರಲ್ಲಿ. ಅಂದರೆ ಕಾಗದದಲ್ಲಿ ಒಂದಾಗಿರುವ ಈ ನಗರ ನೆಲದಲ್ಲಿ ಇನ್ನೂ ಬಿಡಿಬಿಡಿಯಾಗಿಯೇ ಇದೆ, ಮತ್ತು ಆ ಬಿಡಿ ತುಂಡುಗಳ ನಡುವೆ ಇರುವುದು ಹಿನ್ನೀರು. ನಾಲ್ಕು ದಿನ ಅಲ್ಲಿದ್ದು, ಸಾಧ್ಯವಾದ ಕಡೆಗೆಲ್ಲ ಕೊಚ್ಚಿ ವಾಟರ್ ಮೆಟ್ರೋದ ದೋಣಿಯಲ್ಲೇ ಓಡಾಡಿ ಬಂದ ಮೇಲೆ ನನಗೆ ಖಾತ್ರಿಯಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಊರಿನ ಭೂಗೋಳವನ್ನೂ ಚರಿತ್ರೆಯನ್ನೂ ಅವು ರೂಪುಗೊಂಡ ಕ್ರಮದಲ್ಲೇ ತೋರಿಸುವ ಬೇರೆ ವಾಹನ ಅಲ್ಲಿ ಇಲ್ಲ.

ಸೇವೆಯ ಬಗ್ಗೆ ತಿಳಿಯಬೇಕಾದ ವಿವರಗಳನ್ನು ಮೊದಲು ಹೇಳುವುದು ಒಳ್ಳೆಯದು. ಕೊಚ್ಚಿ ಮೆಟ್ರೋ ರೈಲು 2017ರ ಜೂನ್‌ನಲ್ಲಿ ಆರಂಭವಾಯಿತು. ಅದೇ ಸಂಸ್ಥೆಯ ಮುಂದಾಳುತನದಲ್ಲಿ, ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲದ ನೆರವಿನೊಂದಿಗೆ ರೂಪುಗೊಂಡ ವಾಟರ್ ಮೆಟ್ರೋ 2023ರ ಏಪ್ರಿಲ್ ಕೊನೆಯ ವಾರದಲ್ಲಿ ಓಡಾಟ ಶುರು ಮಾಡಿತು. ಮೊದಲು ಹೈಕೋರ್ಟ್‌ನಿಂದ ವೈಪಿನ್‌ಗೆ, ಮರುದಿನ ವೈಟ್ಟಿಲದಿಂದ ಕಾಕ್ಕನಾಡಿಗೆ. ಫೋರ್ಟ್ ಕೊಚ್ಚಿಯ ಜೆಟ್ಟಿ 2024ರ ಏಪ್ರಿಲ್‌ನಲ್ಲಿ, ಮಟ್ಟಾಂಚೇರಿ ಮತ್ತು ವಿಲ್ಲಿಂಗ್ಡನ್ ದ್ವೀಪದ ಜೆಟ್ಟಿಗಳು 2025ರ ಅಕ್ಟೋಬರ್‌ನಲ್ಲಿ ತೆರೆದವು. ಪೂರ್ಣ ಯೋಜನೆಯಲ್ಲಿ 38 ಜೆಟ್ಟಿಗಳು, 78 ದೋಣಿಗಳು, ಸುಮಾರು 76 ಕಿಲೋಮೀಟರ್ ಜಲಮಾರ್ಗ ಮತ್ತು ಹತ್ತು ದ್ವೀಪಗಳ ಜೋಡಣೆ ಸೇರಿವೆ. ಇದು ಪ್ರವಾಸಿಗರಿಗೆಂದು ಮಾಡಿದ ವಿಹಾರದೋಣಿಯಲ್ಲ. ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಬರುವ ದ್ವೀಪವಾಸಿಗಳ ನಿತ್ಯದ ಸಾರಿಗೆ. ಪ್ರವಾಸಿಗಳಾದ ನಾವು ಅದರಲ್ಲಿ ಅತಿಥಿಗಳು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸೇವೆಯ ಅನೇಕ ಗುಣಗಳು ತಾವಾಗಿಯೇ ಅರ್ಥವಾಗುತ್ತವೆ.

ನಾನು ಹತ್ತಿದ್ದು ಹೈಕೋರ್ಟ್ ಜೆಟ್ಟಿಯಲ್ಲಿ. ಮರೀನ್ ಡ್ರೈವ್‌ನ ಉತ್ತರದ ತುದಿಗೆ, ನ್ಯಾಯಾಲಯದ ಕಟ್ಟಡಕ್ಕೆ ಹತ್ತಿರದಲ್ಲಿರುವ ಈ ನಿಲ್ದಾಣದಲ್ಲಿ ಟಿಕೆಟ್ ಪಡೆದು, ಅದರ ಕ್ಯೂಆರ್ ಗುರುತನ್ನು ಗೇಟಿಗೆ ತೋರಿಸಿ ಒಳಗೆ ಹೋದರೆ ಕಾಯುವ ಕೊಠಡಿ. ಅಲ್ಲಿಂದ ಒಂದು ಇಳಿಜಾರು ಸೇತುವೆ ತೇಲುವ ಕಟ್ಟೆಗೆ ಇಳಿಯುತ್ತದೆ. ಈ ತೇಲುವ ಕಟ್ಟೆಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಕೊಚ್ಚಿಯಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ಒಂದು ಮೀಟರಿನ ಆಸುಪಾಸಿನದು; ದಡದ ಕಲ್ಲುಕಟ್ಟೆಯಿಂದ ದೋಣಿಗೆ ಕಾಲಿಡುವ ಹಳೆಯ ಪದ್ಧತಿಯಲ್ಲಿ ಒಂದು ಹೊತ್ತಿನಲ್ಲಿ ದೋಣಿ ಮೊಣಕಾಲಿನಷ್ಟು ಕೆಳಗಿದ್ದರೆ ಇನ್ನೊಂದು ಹೊತ್ತಿನಲ್ಲಿ ಕಟ್ಟೆಗೆ ಸಮವಾಗಿರುತ್ತದೆ, ಮುದುಕರೂ ಬಸುರಿಯರೂ ಯಾರದ್ದಾದರೂ ಕೈ ಹಿಡಿದೇ ದಾಟಬೇಕಾಗುತ್ತದೆ. ಇಲ್ಲಿ ನೀರು ಏರಿದರೆ ಕಟ್ಟೆಯೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ದೋಣಿಯ ನೆಲ ಮತ್ತು ಕಟ್ಟೆಯ ನೆಲ ಯಾವಾಗಲೂ ಒಂದೇ ಮಟ್ಟದಲ್ಲಿರುತ್ತವೆ. ನನ್ನ ಮುಂದೆ ಗಾಲಿಕುರ್ಚಿಯಲ್ಲಿದ್ದ ಹಿರಿಯರೊಬ್ಬರನ್ನು ಅವರ ಮಗಳು ಯಾರ ಸಹಾಯವನ್ನೂ ಕೇಳದೆ ನೇರವಾಗಿ ಒಳಗೆ ತಳ್ಳಿಕೊಂಡು ಹೋದರು. ಕಡವಿನಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಅದು ಎಷ್ಟು ದೊಡ್ಡ ಸಂಗತಿಯೆಂದು ಗೊತ್ತಾಗುತ್ತದೆ. ನಮ್ಮ ಕರಾವಳಿಯ ಹೊಳೆಗಳಲ್ಲಿ ದೋಣಿ ಹತ್ತುವಾಗ ಸೀರೆಯ ನೆರಿಗೆ ಹಿಡಿದು, ಉಸಿರು ಬಿಗಿಹಿಡಿದು ಕಾಲಿಡುತ್ತಿದ್ದ ನನ್ನ ಅಜ್ಜಿಯ ನೆನಪಾಗಿ ನಾನು ಆ ಕಟ್ಟೆಯ ಮೇಲೆ ಒಂದು ದೋಣಿಯನ್ನು ಬಿಟ್ಟುಕೊಟ್ಟು ಮುಂದಿನದಕ್ಕೆ ಕಾದೆ.

ದೋಣಿಯನ್ನು ಕಟ್ಟಿದ್ದು ಇದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡ್. ದೇಶದ ಮೊದಲ ಸ್ವದೇಶಿ ವಿಮಾನವಾಹಕ ನೌಕೆಯಾದ, 2022ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ್ ಅನ್ನು ಕಟ್ಟಿದ ಕೈಗಳೇ ಇವು. ಎರಡು ಒಡಲುಗಳನ್ನು ಪಕ್ಕಪಕ್ಕ ಜೋಡಿಸಿದ ಅಲ್ಯೂಮಿನಿಯಂ ದೋಣಿ, ನೂರು ಜನರಿಗೆ ಜಾಗ, ಅದರಲ್ಲಿ ಅರ್ಧದಷ್ಟು ಮಂದಿಗೆ ಆಸನ, ಒಳಗೆ ಹವಾನಿಯಂತ್ರಣ, ಎರಡು ಬದಿಗೂ ದೊಡ್ಡ ಗಾಜಿನ ಕಿಟಕಿ. ಓಡುವುದು ಬ್ಯಾಟರಿಯಿಂದ, ಅಗತ್ಯ ಬಿದ್ದರೆ ಡೀಸೆಲ್ ಜನರೇಟರಿನ ಆಸರೆಯೂ ಇದೆ. ಬ್ಯಾಟರಿ ಲಿಥಿಯಂ ಟೈಟನೇಟ್ ಬಗೆಯದಾದ್ದರಿಂದ ಜನ ಇಳಿದು ಹತ್ತುವ ಹತ್ತು ಹದಿನೈದು ನಿಮಿಷಗಳಲ್ಲೇ ಸಾಕಷ್ಟು ತುಂಬಿಕೊಳ್ಳುತ್ತದೆ. ವೇಗ ಸುಮಾರು ಎಂಟು ನಾಟ್, ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿನಷ್ಟು. ಸೈಕಲ್ಲಿನ ವೇಗ ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ದೋಣಿ ಎಬ್ಬಿಸುವ ಅಲೆ ಕಡಿಮೆಯಿರಬೇಕು, ದಡದ ಮಣ್ಣು ಕೊರೆಯಬಾರದು, ಸಣ್ಣ ದೋಣಿಗಳಲ್ಲಿ ಬಲೆ ಬೀಸುವವರು ತೊನೆದಾಡಬಾರದು ಎಂಬುದನ್ನು ಗಮನದಲ್ಲಿಟ್ಟೇ ಇದರ ವಿನ್ಯಾಸ ಮಾಡಿದ್ದಾರೆ. ಹೊರಟಾಗ ಗೊತ್ತೇ ಆಗಲಿಲ್ಲ. ಕಿಟಕಿಯಾಚೆಯ ಕಟ್ಟಡಗಳು ನಿಧಾನಕ್ಕೆ ಹಿಂದೆ ಸರಿಯತೊಡಗಿದಾಗಲೇ ನಾವು ಹೊರಟಿದ್ದೇವೆಂದು ತಿಳಿಯಿತು. ಡೀಸೆಲ್ ವಾಸನೆಯಿಲ್ಲ, ಕಾಲಡಿಯಲ್ಲಿ ಎಂಜಿನ್ನಿನ ನಡುಕವಿಲ್ಲ, ಪಕ್ಕದವರ ಮಾತು ಪಿಸುದನಿಯಲ್ಲಿದ್ದರೂ ಕೇಳುತ್ತದೆ.

ಇಲ್ಲಿಂದ ಫೋರ್ಟ್ ಕೊಚ್ಚಿಗೆ ಸುಮಾರು ಇಪ್ಪತ್ತು ನಿಮಿಷ. ದೋಣಿ ಪಶ್ಚಿಮಕ್ಕೆ, ಅಂದರೆ ಕಡಲಿನ ಕಡೆಗೆ ಹೋಗುತ್ತದೆ. ಈ ಇಪ್ಪತ್ತು ನಿಮಿಷಗಳಲ್ಲಿ ಎರಡು ಬದಿಗಳಲ್ಲಿ ಕಾಣುವುದನ್ನು ಅರಿತು ನೋಡಿದರೆ ಕೊಚ್ಚಿಯ ಕಥೆ ಪೂರ್ತಿ ಸಿಗುತ್ತದೆ. ದಕ್ಷಿಣಕ್ಕೆ ಆಲಪ್ಪುಳದವರೆಗೂ ಹಬ್ಬಿರುವ ವೇಂಬನಾಡ್ ಕಾಯಲು ದೇಶದಲ್ಲೇ ಅತಿ ಉದ್ದದ ಸರೋವರ, 2002ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿದೆ. ಉತ್ತರದಿಂದ ಪೆರಿಯಾರ್ ನದಿಯ ಕವಲುಗಳು ಬಂದು ಸೇರುತ್ತವೆ. ಈ ಎಲ್ಲ ನೀರೂ ಕಡಲಿಗೆ ಇಳಿಯುವ ಮುಖ್ಯ ಬಾಗಿಲು ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವಿನ ಅಳಿವೆ. ಇತಿಹಾಸಕಾರರು ಹೇಳುವಂತೆ 1341ರಲ್ಲಿ ಪೆರಿಯಾರ್‌ಗೆ ಬಂದ ಮಹಾಪೂರದಲ್ಲಿ, ರೋಮನ್ನರ ಕಾಲದಿಂದ ಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಉತ್ತರದ ಮುಸಿರಿಸ್ ಬಂದರು ಹೂಳಿನಲ್ಲಿ ಮುಚ್ಚಿಹೋಯಿತು, ನದಿಯ ನೀರು ದಕ್ಷಿಣದಲ್ಲಿ ಹೊಸ ದಾರಿ ಮಾಡಿಕೊಂಡು ಕೊಚ್ಚಿಯ ಅಳಿವೆಯನ್ನು ತೆರೆಯಿತು. ವೈಪಿನ್ ದ್ವೀಪ ಮೇಲೆದ್ದದ್ದೂ ಆಗಲೇ ಎಂಬ ನಂಬಿಕೆಯಿಂದ ಅಲ್ಲಿನವರು ಆ ವರ್ಷದಿಂದ ‘ಪುದುವೈಪ್’ ಎಂಬ ಶಕೆಯನ್ನೇ ಎಣಿಸುತ್ತಿದ್ದರು. ಒಂದು ಮಳೆಗಾಲ ಒಂದು ಬಂದರನ್ನು ಮುಚ್ಚಿ ಇನ್ನೊಂದನ್ನು ತೆರೆದದ್ದರ ನೆನಪಿಗೆ ಈ ಸೇವೆಯ ಮೊದಲ ದೋಣಿಗೆ ಮುಸಿರಿಸ್ ಎಂದೇ ಹೆಸರಿಟ್ಟಿದ್ದಾರೆ. ಆ ದೋಣಿಗೆ ಸಿಕ್ಕಿದ ಅಂತರರಾಷ್ಟ್ರೀಯ ಪ್ರಶಸ್ತಿಗಿಂತ ಆ ಹೆಸರೇ ನನಗೆ ಹೆಚ್ಚು ಹಿಡಿಸಿತು.

ಬಲಗಡೆ ಮೊದಲು ಬರುವುದು ಮುಳವುಕಾಡ್ ದ್ವೀಪದ ತೆಂಕಣ ತುದಿ. ಅಲ್ಲಿನ ಮರಗಳ ನಡುವೆ 1744ರಲ್ಲಿ ಡಚ್ಚರು ಕಟ್ಟಿದ ಬೋಲ್ಗಾಟ್ಟಿ ಅರಮನೆಯಿದೆ, ಈಗ ಅದು ಹೋಟೆಲು. ಮುಂದೆ ವಲ್ಲಾರ್ಪಾಡಂ. ಆಕಾಶಕ್ಕೆ ಕೈ ಚಾಚಿದ ಕಂಟೇನರ್ ಕ್ರೇನುಗಳು 2011ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಬಂದರಿನವು. ಅದೇ ದ್ವೀಪದಲ್ಲಿರುವ ವಲ್ಲಾರ್ಪಾಡತ್ತಮ್ಮನ ಇಗರ್ಜಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಎರ್ನಾಕುಳದಿಂದ ಬೋಲ್ಗಾಟ್ಟಿ, ವಲ್ಲಾರ್ಪಾಡಂ, ವೈಪಿನ್‌ಗಳನ್ನು ಕೂಡಿಸುವ ಗೋಶ್ರೀ ಸೇತುವೆಗಳು ಬಂದದ್ದು 2004ರಲ್ಲಿ. ಅಲ್ಲಿಯವರೆಗೂ ಹೈಕೋರ್ಟಿನ ಕಣ್ಣಳತೆಯಲ್ಲಿದ್ದ ಈ ದ್ವೀಪಗಳ ಜನ ನಗರಕ್ಕೆ ಬರಲು ದೋಣಿಯನ್ನೇ ನಂಬಬೇಕಿತ್ತು. ರಾತ್ರಿ ಹೆರಿಗೆನೋವು ಬಂದರೂ, ಎದೆನೋವು ಬಂದರೂ ದೋಣಿಯೇ ಗತಿ. ನೀರಿನ ಸಾರಿಗೆಯನ್ನು ನಾವು ಸೊಗಸೆಂದು ನೋಡುವಾಗ, ಅಲ್ಲಿನವರು ಸೇತುವೆಗಾಗಿ ದಶಕಗಳ ಕಾಲ ಹೋರಾಡಿದವರು ಎಂಬುದನ್ನು ಮರೆಯಬಾರದು.

ಎಡಗಡೆ ಇರುವ ವಿಲ್ಲಿಂಗ್ಡನ್ ದ್ವೀಪ ಮನುಷ್ಯ ಮಾಡಿದ್ದು. ಅಳಿವೆಯ ಬಾಯಲ್ಲಿ ಗಟ್ಟಿಯಾದ ಮರಳದಿಬ್ಬ ಅಡ್ಡವಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗೆ ಕಡಲಲ್ಲೇ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಿಗೆ ಇಳಿಸುತ್ತಿದ್ದವು. ಮಳೆಗಾಲದಲ್ಲಿ ಅದೂ ಆಗುತ್ತಿರಲಿಲ್ಲ. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ ಆ ದಿಬ್ಬವನ್ನು ಕೊರೆದು ಕಾಲುವೆ ಮಾಡಿಸಿದ. 1928ರ ಮೇ ತಿಂಗಳಲ್ಲಿ ಪದ್ಮಾ ಎಂಬ ಹಡಗು ಮೊದಲ ಬಾರಿಗೆ ಒಳಬಂದರಿಗೆ ಬಂತು. ಅಗೆದು ತೆಗೆದ ಹೂಳನ್ನೇ ಸುರಿದು ಮಾಡಿದ ನೆಲ ಈ ದ್ವೀಪ. ಇಂದು ಬಂದರು, ನೌಕಾಪಡೆಯ ದಕ್ಷಿಣ ಕಮಾಂಡ್ ಎಲ್ಲವೂ ಇಲ್ಲಿವೆ. ದೋಣಿಯಿಂದ ನೋಡಿದಾಗ ಬಲಕ್ಕೆ ನದಿ ಹುಟ್ಟಿಸಿದ ನೆಲ, ಎಡಕ್ಕೆ ಮನುಷ್ಯ ಹುಟ್ಟಿಸಿದ ನೆಲ. ಎರಡಕ್ಕೂ ಬಳಕೆಯಾದದ್ದು ಒಂದೇ ಹೂಳು. ರಸ್ತೆಯಲ್ಲಿ ಸೇತುವೆಯಿಂದ ಸೇತುವೆಗೆ ಹಾರುವವರಿಗೆ ಇದು ಕಾಣುವುದೇ ಇಲ್ಲ.

ಅಳಿವೆ ಹತ್ತಿರವಾದಂತೆ ನೀರಿನ ಬಣ್ಣ ಬದಲಾಗುತ್ತದೆ, ದೋಣಿಯ ಮೈಗೆ ಕಡಲಿನ ಉಸಿರು ತಾಗುತ್ತದೆ. ಇಲ್ಲಿ ಡಾಲ್ಫಿನ್‌ಗಳು ಬರುವುದುಂಟು. ನನಗೆ ಮೂರನೆಯ ದಿನ ಬೆಳಿಗ್ಗೆ ಬೂದು ಬೆನ್ನೊಂದು ಎರಡು ಸಲ ಮೇಲೆದ್ದು ಮುಳುಗಿದ್ದು ಕಂಡಿತು. ದೋಣಿಯಲ್ಲಿದ್ದ ಶಾಲೆಯ ಮಕ್ಕಳು ಒಮ್ಮೆ ತಿರುಗಿ ನೋಡಿ ಮತ್ತೆ ತಮ್ಮ ಮಾತಿಗೆ ಮರಳಿದರು. ಅವರಿಗೆ ಅದು ದಿನದ ದಾರಿ.

ಫೋರ್ಟ್ ಕೊಚ್ಚಿಯ ಜೆಟ್ಟಿಯಲ್ಲಿ ಇಳಿದರೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಚೀನೀ ಬಲೆಗಳು. ಇವು ಚೀನೀ ವ್ಯಾಪಾರಿಗಳೊಂದಿಗೆ ನೇರವಾಗಿ ಬಂದವೇ, ಮಕಾವಿನ ಸಂಪರ್ಕವಿದ್ದ ಪೋರ್ಚುಗೀಸರು ತಂದರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಚಿತ್ರಗಳಲ್ಲಿ ಇವನ್ನು ಎಲ್ಲರೂ ನೋಡಿದ್ದಾರೆ, ಆದರೆ ಕೆಲಸ ಮಾಡುವುದನ್ನು ನೋಡಿದವರು ಕಡಿಮೆ. ಬೆಳಿಗ್ಗೆ ಏಳರ ಹೊತ್ತಿಗೆ ನಾನು ಹೋದಾಗ ಐದು ಜನ ಒಂದು ಬಲೆಯ ಮೇಲಿದ್ದರು. ಒಬ್ಬ ಯುವಕ ಅಡ್ಡಮರದ ಮೇಲೆ ಬರಿಗಾಲಿನಲ್ಲಿ ನಡೆದು ಹೋದ. ಅವನ ಭಾರಕ್ಕೇ ಇಡೀ ಚೌಕಟ್ಟು ಬಾಗಿ, ನಾಲ್ಕು ಬಿದಿರುಗಳ ತುದಿಗೆ ಕಟ್ಟಿದ ಬಲೆ ನೀರಿಗೆ ಇಳಿಯಿತು. ಹಿಂದಿನ ತುದಿಯಲ್ಲಿ ಹಗ್ಗಗಳಿಗೆ ಸಾಲಾಗಿ ಕಟ್ಟಿದ ಗುಂಡುಕಲ್ಲುಗಳು ಒಂದೊಂದಾಗಿ ನೆಲಬಿಟ್ಟು ಮೇಲೆದ್ದವು. ಐದಾರು ನಿಮಿಷಗಳ ಬಳಿಕ ಉಳಿದವರು ಹಗ್ಗ ಹಿಡಿದು ಒಟ್ಟಿಗೆ ದನಿ ತೆಗೆದು ಎಳೆದಾಗ ಕಲ್ಲುಗಳು ಬಂದ ಕ್ರಮದಲ್ಲೇ ಮತ್ತೆ ಕೆಳಗಿಳಿದು ಕೂತವು. ಮರದ ಗೂಟಗಳು ನರಳಿದವು. ಬಲೆಯ ಹೊಟ್ಟೆಯಲ್ಲಿ ಬೊಗಸೆಯಷ್ಟು ಬೆಳ್ಳಿಮೀನು, ಎರಡು ಏಡಿ, ಜೊತೆಗೆ ಒಂದು ತೋಳಿನಷ್ಟು ಅಂತರಗಂಗೆ ಮತ್ತು ಪ್ಲಾಸ್ಟಿಕ್ಕು. ಅದೇ ಚೌಕಟ್ಟನ್ನು ಹಿಂದೆ ತೇಗದಂಥ ಗಟ್ಟಿಮರದಲ್ಲಿ ಮಾಡುತ್ತಿದ್ದರು. ಮರ ದುಬಾರಿಯಾದ ಮೇಲೆ ಹಲವು ಬಲೆಗಳಿಗೆ ಕಬ್ಬಿಣದ ಕೊಳವೆ ಬಂದಿದೆ. ಪ್ರವಾಸಿಗರು ಹಗ್ಗ ಎಳೆದು ಪಟ ತೆಗೆಸಿಕೊಳ್ಳಲು ಕೊಡುವ ದುಡ್ಡು ಇಲ್ಲದಿದ್ದರೆ ಮೀನಿನಿಂದ ಮಾತ್ರ ಸಂಸಾರ ನಡೆಯುವುದು ಕಷ್ಟ ಎಂದು ಅವರಲ್ಲಿ ಹಿರಿಯರೊಬ್ಬರು ಹೇಳಿದರು. ಹೋದವರು ಅಲ್ಲಿಯೇ ಹಿಡಿದ ಮೀನನ್ನು ಸ್ವಲ್ಪವಾದರೂ ಕೊಳ್ಳಿ ಎಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಕೋಟೆಯ ಹೆಸರು ಉಳಿದಿದೆ, ಕೋಟೆ ಉಳಿದಿಲ್ಲ. ಪೋರ್ಚುಗೀಸರಿಂದ 1663ರಲ್ಲಿ ಡಚ್ಚರಿಗೆ, 1795ರಲ್ಲಿ ಬ್ರಿಟಿಷರಿಗೆ ಕೈ ಬದಲಾದ ಈ ಊರಿನ ಬೀದಿಗಳನ್ನು ಎರಡು ಗಂಟೆಯ ನಡಿಗೆಯಲ್ಲಿ ನೋಡಬಹುದು. ಸಂತ ಫ್ರಾನ್ಸಿಸ್ ಇಗರ್ಜಿಗೆ ಮಾತ್ರ ತುಸು ಹೆಚ್ಚು ಹೊತ್ತು ಕೊಡಿ. 1503ರಲ್ಲಿ ಮರದಲ್ಲಿ ಶುರುವಾಗಿ ಆಮೇಲೆ ಕಲ್ಲಿನದಾದ ಈ ಕಟ್ಟಡದಲ್ಲಿ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಲಾಗಿತ್ತು. ಮುಂದೆ ಅವನ ಅಸ್ಥಿಯನ್ನು ಲಿಸ್ಬನ್‌ಗೆ ಒಯ್ದರು. ಸಮಾಧಿಯ ಕಲ್ಲಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೀಠಗಳ ಮೇಲೆ ಉದ್ದಕ್ಕೂ ತೂಗುವ ಬಟ್ಟೆಯ ಪಂಖಗಳು. ಅವುಗಳ ಹಗ್ಗ ಗೋಡೆಯ ಕಿಂಡಿಯಿಂದ ಹೊರಗೆ ಹೋಗುತ್ತದೆ. ಒಳಗಿನವರು ತಂಪಾಗಿ ಪ್ರಾರ್ಥನೆ ಮಾಡುತ್ತಿದ್ದಾಗ ಹೊರಗೆ ಬಿಸಿಲಲ್ಲಿ ಕೂತು ಎಳೆಯುತ್ತಿದ್ದವರ ಕೈಯನ್ನು ಆ ಕಿಂಡಿ ಇವತ್ತಿಗೂ ತೋರಿಸುತ್ತದೆ.

ಅಲ್ಲಿಂದ ಮಟ್ಟಾಂಚೇರಿಗೆ ಮೊದಲ ದಿನ ಆಟೋದಲ್ಲಿ ಹೋಗಿ ಬೇಸರಪಟ್ಟೆ. ಕಡಿಮೆ ಬಾಡಿಗೆ ಹೇಳಿ ಹತ್ತಿಸಿಕೊಂಡ ಚಾಲಕ, ದಾರಿಯಲ್ಲಿ ಮೂರು ಕರಕುಶಲ ಅಂಗಡಿಗಳ ಮುಂದೆ ನಿಲ್ಲಿಸಿ, ಕೊಳ್ಳದಿದ್ದರೂ ಹತ್ತು ನಿಮಿಷ ಒಳಗೆ ಸುತ್ತಿ ಬನ್ನಿ ಎಂದು ಒತ್ತಾಯಿಸಿದ. ಅರಮನೆ ತಲುಪುವ ಹೊತ್ತಿಗೆ ಬಾಗಿಲು ಹಾಕುವ ಸಮಯವಾಗಿತ್ತು. ಮರುದಿನ ಮಟ್ಟಾಂಚೇರಿಯ ಜೆಟ್ಟಿಗೇ ದೋಣಿಯಲ್ಲಿ ಹೋಗಿ ಇಳಿದೆ. ಗೊತ್ತಾದ ದರ, ಗೊತ್ತಾದ ಜಾಗ, ಯಾರ ಜೊತೆಗೂ ಚೌಕಾಸಿಯಿಲ್ಲ. ಹೊಸಬರಿಗೆ ಈ ನೆಮ್ಮದಿ ಟಿಕೆಟ್ಟಿನ ಬೆಲೆಗಿಂತ ದೊಡ್ಡದು.

ಮಟ್ಟಾಂಚೇರಿಯ ಅರಮನೆಯನ್ನು ಜನ ಡಚ್ ಅರಮನೆ ಎನ್ನುತ್ತಾರೆ. ಕಟ್ಟಿಸಿ ಕೊಚ್ಚಿಯ ರಾಜನಿಗೆ ಒಪ್ಪಿಸಿದ್ದು ಪೋರ್ಚುಗೀಸರು, ಡಚ್ಚರು ಆಮೇಲೆ ದುರಸ್ತಿ ಮಾಡಿಸಿದರು. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ರಾಜನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣದ ಭಿತ್ತಿಚಿತ್ರಗಳಿವೆ: ಕಾವಿ ಕೆಂಪು, ಹಸಿರು, ಅರಿಸಿನ ಬಣ್ಣಗಳಲ್ಲಿ ಒಂದಿಂಚೂ ಖಾಲಿ ಬಿಡದೆ, ಒಂದು ಪ್ರಸಂಗದ ಸೆರಗು ಇನ್ನೊಂದಕ್ಕೆ ತಾಗುವಂತೆ ಬರೆದವು. ನಮ್ಮ ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ನೋಡಿ ಬೆಳೆದ ಕಣ್ಣಿಗೆ ಆ ರಾವಣ ಪರಿಚಿತನೆನಿಸುತ್ತಾನೆ. ಶುಕ್ರವಾರ ಅರಮನೆಗೆ ರಜೆ. ಪಕ್ಕದ ಯಹೂದಿ ಬೀದಿಯ ತುದಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಎಂಬ ಯಹೂದಿಗಳ ಪ್ರಾರ್ಥನಾಮಂದಿರ ಇದೆ. ಅದಕ್ಕೆ ಶನಿವಾರ ರಜೆ. ನೆಲಕ್ಕೆ ಹಾಸಿದ ಚೀನಾದ ನೀಲಿ ಹೆಂಚುಗಳನ್ನು ಕೈಯಲ್ಲಿ ಚಿತ್ರ ಬರೆದು ಮಾಡಿದ್ದಾರೆ. ಇಸ್ರೇಲ್ ದೇಶವಾದ ಮೇಲೆ ಸಮುದಾಯದ ಹೆಚ್ಚಿನವರೆಲ್ಲ ಅಲ್ಲಿಗೆ ಹೋದರು, ಮನೆಗಳು ಅಂಗಡಿಗಳಾದವು. ಬೀದಿಯುದ್ದಕ್ಕೂ ಒಣಶುಂಠಿ, ಮೆಣಸು, ಜಾಯಿಕಾಯಿಯ ವಾಸನೆ ಹಿಂಬಾಲಿಸುತ್ತದೆ. ಮಸಾಲೆ ಕೊಳ್ಳುವುದಿದ್ದರೆ ಪ್ರವಾಸಿ ಅಂಗಡಿಗಳನ್ನು ದಾಟಿ, ಚೀಲಗಟ್ಟಲೆ ವ್ಯಾಪಾರ ನಡೆಯುವ ಬಜಾರ್ ರಸ್ತೆಯ ಮಂಡಿಗಳ ಕಡೆಗೆ ನಡೆಯಿರಿ. ಅಲ್ಲಿ ಕಾಳುಮೆಣಸನ್ನು ಅಂಗೈಗೆ ಸುರಿದು ಉಜ್ಜಿ ತೋರಿಸಿಯೇ ಮಾರುತ್ತಾರೆ.

ಕನ್ನಡದ ಓದುಗರಿಗೆ ಮಟ್ಟಾಂಚೇರಿಯಲ್ಲಿ ಇನ್ನೊಂದು ಆಪ್ತ ಸಂಗತಿಯಿದೆ, ಪ್ರವಾಸಿ ನಕ್ಷೆಗಳು ಅದನ್ನು ಹೇಳುವುದು ಕಡಿಮೆ. ಅರಮನೆಯಿಂದ ಸ್ವಲ್ಪ ದೂರದ ಚೆರ್ಲಾಯಿಯಲ್ಲಿ ಮಾತಾಡುವ ಭಾಷೆ ಕೊಂಕಣಿ. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಕಿರುಕುಳ ತಾಳದೆ ದಕ್ಷಿಣಕ್ಕೆ ಹೊರಟ ಗೌಡ ಸಾರಸ್ವತರಲ್ಲಿ ಕೆಲವರು ಹೊನ್ನಾವರ, ಭಟ್ಕಳ, ಮಂಗಳೂರುಗಳಲ್ಲಿ ನೆಲೆ ನಿಂತರೆ ಕೆಲವರು ಇಲ್ಲಿಯವರೆಗೆ ಬಂದರು. ಅವರ ತಿರುಮಲ ದೇವಸ್ಥಾನದ ಬೀದಿಯಲ್ಲಿ ನಡೆಯುವಾಗ ನಮ್ಮ ಕಾರ್ಕಳದ ಅಥವಾ ಕುಮಟಾದ ಯಾವುದೋ ರಥಬೀದಿಯಲ್ಲಿದ್ದ ಹಾಗೆನಿಸುತ್ತದೆ. ಕೊಚ್ಚಿಗೆ ಗೋಶ್ರೀಪುರ ಎಂಬ ಹಳೆಯ ಹೆಸರೂ ಉಂಟು; ದೋಣಿಯಿಂದ ಕಂಡ ಸೇತುವೆಗಳು ಆ ಹೆಸರನ್ನೇ ಹೊತ್ತಿವೆ. ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಬರೆಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥಕ್ಕೆ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ನೆರವಾದರು. ಅವರ ಕೊಂಕಣಿ ಪ್ರಮಾಣಪತ್ರ ನಾಗರಿ ಲಿಪಿಯಲ್ಲೇ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಗೋವೆ ಬಿಟ್ಟು ಓಡಿಬಂದ ಕುಲದ ಅಕ್ಷರಗಳು ಯುರೋಪಿನ ಅಚ್ಚಿನಮೊಳೆಗೆ ಏರಿದ್ದು ಈ ಬೀದಿಗಳಿಂದ ಎಂದು ನೆನೆದಾಗ ನನಗೆ ಮೈ ಜುಮ್ಮೆಂದಿತು. ಕಛ್‌ನಿಂದ ಬಂದ ಮೇಮನರು, ಗುಜರಾತಿಗಳು, ತಮಿಳು ಮಡಿವಾಳರು ಹೀಗೆ ಇನ್ನೂ ಹಲವು ಸಮುದಾಯಗಳು ಇದೇ ಕಿರುಬೀದಿಗಳಲ್ಲಿ ತಲೆಮಾರುಗಳಿಂದ ಒಟ್ಟಿಗಿವೆ.

ಡಿಸೆಂಬರಿನಲ್ಲಿ ಹೋಗುವವರಿಗೆ ವರ್ಷದ ಕೊನೆಯ ರಾತ್ರಿ ಪಪ್ಪಾಂಜಿ ಎಂಬ ಮುದುಕನ ಆಕೃತಿಯನ್ನು ಸುಡುವ ಕಾರ್ನಿವಲ್ ಸಿಗುತ್ತದೆ. 2012ರ ಡಿಸೆಂಬರ್ 12ರಂದು ಮೊದಲಾದ ಕೊಚ್ಚಿ-ಮುಸಿರಿಸ್ ಬಿಯೆನಾಲೆಯ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನದ ಕಾಲವೂ ಅದೇ. ಹಳೆಯ ಗೋದಾಮುಗಳು ಚಿತ್ರಶಾಲೆಗಳಾಗುವ ಆ ತಿಂಗಳುಗಳಲ್ಲಿ ದೋಣಿಗಳು ತುಂಬಿರುತ್ತವೆ.

ಇನ್ನು ಪ್ರವಾಸಿಗರು ಹೆಚ್ಚಾಗಿ ಹೋಗದ ದಾರಿಯ ಬಗ್ಗೆ ಹೇಳಬೇಕು. ವೈಟ್ಟಿಲ ಮೆಟ್ರೋ ನಿಲ್ದಾಣ ಮತ್ತು ಬಸ್ ನಿಲ್ದಾಣಕ್ಕೆ ಅಂಟಿಕೊಂಡೇ ಇರುವ ಜೆಟ್ಟಿಯಿಂದ ಕಾಕ್ಕನಾಡಿಗೆ ಹೋಗುವ ದೋಣಿ ಅಳಿವೆಗೆ ಬೆನ್ನು ಮಾಡಿ ಪೂರ್ವಕ್ಕೆ, ಇಕ್ಕಟ್ಟಾದ ಹೊಳೆಯೊಳಗೆ ಸಾಗುತ್ತದೆ. ಇಲ್ಲಿ ಹಡಗಿಲ್ಲ, ಅರಮನೆಯಿಲ್ಲ. ಎರಡೂ ದಡಗಳಲ್ಲಿ ತೆಂಗು, ಕಾಂಡ್ಲಾ ಗಿಡಗಳು, ಮೆಟ್ಟಿಲಿಗೆ ಕಟ್ಟಿದ ಪುಟ್ಟ ದೋಣಿ, ಬಟ್ಟೆ ಒಗೆಯುವವರು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತ ನೀರುಕಾಗೆ. ಸುಮಾರು ಇಪ್ಪತ್ತೈದು ನಿಮಿಷಗಳ ಈ ಪಯಣದಲ್ಲಿ ನನ್ನೊಡನಿದ್ದವರಲ್ಲಿ ಹೆಚ್ಚಿನವರು ಕುತ್ತಿಗೆಗೆ ಗುರುತುಚೀಟಿ ನೇತುಹಾಕಿಕೊಂಡ ಐಟಿ ಉದ್ಯೋಗಿಗಳು. ಮಳೆಗಾಲದಲ್ಲಿ ಉಪ್ಪಿನಂಶ ಕಡಿಮೆಯಾಗುತ್ತಿದ್ದಂತೆ ಅಂತರಗಂಗೆ ನೀರನ್ನೆಲ್ಲ ಮುಚ್ಚುವುದು ಈ ಭಾಗದ ಹಳೆಯ ಪಿಡುಗು. ನಾನು ಹೋದಾಗಲೂ ಅಲ್ಲಲ್ಲಿ ಹಸಿರು ಚಾಪೆಗಳು ತೇಲಿಬರುತ್ತಿದ್ದವು. ನಾವಿಕ ವೇಗ ತಗ್ಗಿಸಿ ಅವುಗಳ ನಡುವೆ ದಾರಿ ನೋಡಿಕೊಂಡು ನಡೆಸುತ್ತಿದ್ದುದನ್ನು ಗಾಜಿನ ಮೂಲಕ ಗಮನಿಸಿದೆ.

ಹೈಕೋರ್ಟಿನಿಂದ ಉತ್ತರಕ್ಕೆ ಸೌತ್ ಚಿಟ್ಟೂರ್, ಅಲ್ಲಿಂದ ಏಲೂರ್, ಚೇರಾನಲ್ಲೂರ್‌ಗಳಿಗೆ ಹೋಗುವ ಮಾರ್ಗವೂ 2024ರ ಮಾರ್ಚ್‌ನಲ್ಲಿ ಶುರುವಾಗಿದೆ. ಆ ಕಡೆಯ ದ್ವೀಪಗಳಲ್ಲಿ ಪೊಕ್ಕಾಳಿ ಎಂಬ ಉಪ್ಪುನೀರು ತಾಳುವ ಭತ್ತ ಬೆಳೆಯುತ್ತಾರೆ. ಮಳೆಗಾಲದಲ್ಲಿ ಬೆಳೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ. ಅಘನಾಶಿನಿಯ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ಕಡಲು, ಒಂದೇ ಬಗೆಯ ಅಳಿವೆ, ಒಂದೇ ಜಾಣ್ಮೆ.

ಬೆಲೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಸೇವೆ ಶುರುವಾದಾಗ ದರ 20ರಿಂದ 40 ರೂಪಾಯಿಯೊಳಗಿತ್ತು. ನಾನು ಫೋರ್ಟ್ ಕೊಚ್ಚಿಗೆ 40 ರೂಪಾಯಿ ಕೊಟ್ಟೆ. ಪ್ರವಾಸಿಗೆ ಇದು ಏನೂ ಅಲ್ಲ. ಆದರೆ ದಿನಕ್ಕೆರಡು ಸಲ ದಾಟುವ ಕೂಲಿಕಾರರಿಗೆ ಅದೇ ಮಾತನ್ನು ಹೇಳಲಾಗದು. ಅವರಿಗಾಗಿ 1968ರಿಂದ ಇರುವ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ತೀರಾ ಕಡಿಮೆ ದರದಲ್ಲಿ ಈಗಲೂ ಓಡುತ್ತಿವೆ. ವೈಪಿನ್ ಮತ್ತು ಫೋರ್ಟ್ ಕೊಚ್ಚಿ ನಡುವೆ ವಾಹನಗಳನ್ನೂ ಹೊತ್ತು ದಾಟುವ ರೋರೋ ಇದೆ. ಹೊಸದು ಬಂದಿತೆಂದು ಹಳೆಯದನ್ನು ಕೈಬಿಡದಿರುವುದು ಬಹಳ ಮುಖ್ಯ. ಒಂದು ದಿಕ್ಕಿಗಾದರೂ ಆ ಹಳೆಯ ದೋಣಿಯಲ್ಲಿ ಹೋಗಿ ನೋಡಿ: ತೆರೆದ ಬದಿ, ಮುಖಕ್ಕೆ ಬಡಿಯುವ ಉಪ್ಪುಗಾಳಿ, ಎಂಜಿನ್ನಿನ ಗದ್ದಲ. ವಾಟರ್ ಮೆಟ್ರೋದ ಮುಚ್ಚಿದ ಗಾಜಿನ ಒಳಗೆ ಕೂತಾಗ ಆ ಗಾಳಿ ಸಿಗುವುದಿಲ್ಲ, ಸೆಕೆ ಮಳೆಗಳಿಂದ ರಕ್ಷಣೆ ಸಿಗುತ್ತದೆ. ದಿನವೂ ಓಡಾಡುವವರ ಪರವಾಗಿ ಯೋಚಿಸಿದರೆ ಮಾಡಿದ ಆಯ್ಕೆ ಸರಿ. ಜಾಲ ಇನ್ನೂ ಪೂರ್ತಿಯಾಗಿಲ್ಲ, ಯೋಜನೆಯಲ್ಲಿರುವ ಜೆಟ್ಟಿಗಳಲ್ಲಿ ತೆರೆದಿರುವುದು ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಇದೊಂದನ್ನೇ ನಂಬಿ ಇಡೀ ಕೊಚ್ಚಿಯನ್ನು ಸುತ್ತಲಾಗದು. ಒಂದು ದೋಣಿಗೆ ನೂರೇ ಜನ ಎಂಬ ಮಿತಿಯನ್ನು ಗೇಟಿನಲ್ಲೇ ಎಣಿಸಿ ಪಾಲಿಸುವುದರಿಂದ ರಜಾದಿನಗಳ ಸಂಜೆ ಕಾಯುವುದಕ್ಕೆ ಸಿದ್ಧರಾಗಿ ಹೋಗಬೇಕು. ನೀರಿನ ಮೇಲಿನ ಪಯಣದಲ್ಲಿ ಈ ಶಿಸ್ತನ್ನು ಸಡಿಲಿಸಲೇಬಾರದು.

ಬೆಂಗಳೂರಿನಿಂದಾಗಲಿ ಮಂಗಳೂರಿನಿಂದಾಗಲಿ ರೈಲಿನಲ್ಲಿ ಬರುವವರು ಎರ್ನಾಕುಳದಲ್ಲಿ ಎರಡು ನಿಲ್ದಾಣಗಳಿವೆಯೆಂದು ನೆನಪಿಟ್ಟುಕೊಳ್ಳಿ: ಜಂಕ್ಷನ್ ಅನ್ನು ಅಲ್ಲಿನವರು ಸೌತ್ ಎನ್ನುತ್ತಾರೆ, ಟೌನ್ ಅನ್ನು ನಾರ್ತ್ ಎನ್ನುತ್ತಾರೆ. ಎರಡಕ್ಕೂ ಹತ್ತಿರ ಮೆಟ್ರೋ ರೈಲು ಸಿಗುತ್ತದೆ. ಬೆಳಗಿನ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ ಬಲೆಗಳನ್ನು ನೋಡಿ, ಬಿಸಿಲೇರುವ ಮೊದಲು ನಡೆದು ಮುಗಿಸಿ, ಮಧ್ಯಾಹ್ನವನ್ನು ಮಟ್ಟಾಂಚೇರಿಗೆ ಇಡಿ. ಅಳಿವೆಯಲ್ಲಿ ಸೂರ್ಯ ಮುಳುಗುವುದನ್ನು ದಡದಲ್ಲಿ ನಿಂತು ನೋಡಿದ ಮೇಲೆ ಹೈಕೋರ್ಟಿಗೆ ಮರಳುವ ದೋಣಿ ಹತ್ತಿ. ನಾನು ಕೊನೆಯ ಸಂಜೆ ಹಾಗೆಯೇ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಮಡಿಲಲ್ಲಿ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು, ಎರ್ನಾಕುಳದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಹೊರಟಿದ್ದರು. ಕ್ರೇನುಗಳ ದೀಪ ನೀರಿನಲ್ಲಿ ಉದ್ದವಾಗಿ ಬಿದ್ದಿತ್ತು. ಅವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ದೋಣಿ ಕಟ್ಟೆಗೆ ತಾಗಿ ನಿಂತಾಗ ಅವರಿಗೆ ಎಚ್ಚರವಾಗಲಿಲ್ಲ, ಅಷ್ಟು ಮೆಲ್ಲಗೆ ನಿಂತಿತ್ತು. ‘ಚೇಚೀ, ಹೈಕೋರ್ಟ್ ಎತ್ತಿ’ (ಅಕ್ಕಾ, ಹೈಕೋರ್ಟ್ ಬಂತು) ಎಂದು ಸಿಬ್ಬಂದಿಯ ಹುಡುಗ ಮಲಯಾಳದಲ್ಲಿ ಕರೆದ ಮೇಲೆ ಎದ್ದು, ನನ್ನತ್ತ ಸಣ್ಣಗೆ ನಕ್ಕು ಇಳಿದು ಹೋದರು.